ಎರಡು ಗುಂಟೆ ಕಣ, ಎರಡು ವರ್ಷದ ಓಡಾಟ

ಕಳೆದ ತಿಂಗಳು ನಮ್ಮೂರಿನ ಅಂಗನವಾಡಿ ಸ್ವಂತ ಕಟ್ಟಡಕ್ಕೆ ಬಂತು. 2023ರ ಜೂನ್‌ನಲ್ಲಿ ಮೊದಲ ಅರ್ಜಿ ಬರೆದಾಗ ಆರು ತಿಂಗಳಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಮುಗಿದದ್ದು 2025ರ ಜೂನ್‌ಗೆ. ಅಷ್ಟರಲ್ಲಿ ನನ್ನ ಮಗಳು ಅಂಗನವಾಡಿ ಮುಗಿಸಿ ಒಂದನೇ ಕ್ಲಾಸಿಗೆ ಸೇರಿದಳು. ಯಾರ ಸಲುವಾಗಿ ಓಡಾಟ ಶುರು ಮಾಡಿದೆನೋ ಅವಳು ಹೊಸ ಕಟ್ಟಡದಲ್ಲಿ ಒಂದು ದಿನವೂ ಕೂರಲಿಲ್ಲ. ನಿಮ್ಮೂರಿನಲ್ಲೂ ಮಕ್ಕಳು ಬಾಡಿಗೆ ರೂಮಿನಲ್ಲಿ ಕೂತಿದ್ದರೆ, ನಾವು ಎಡವಿದ ಕಡೆ ನೀವಾದರೂ ಎಡವದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಯಲುಸೀಮೆಯ ಸಣ್ಣ ಊರು. ಅಂಗನವಾಡಿ ಇದ್ದದ್ದು ಹಿಟ್ಟಿನ ಗಿರಣಿ ಪಕ್ಕದ ಒಂದು ಶೀಟಿನ ರೂಮಿನಲ್ಲಿ. 23 ಮಕ್ಕಳು. ಅಲ್ಲೇ ಒಲೆ, ಅಲ್ಲೇ ಅಕ್ಕಿ ಚೀಲ, ಅಲ್ಲೇ ಮಕ್ಕಳ ಚಾಪೆ. ಗಿರಣಿ ಶುರುವಾದರೆ ಟೀಚರ್ ಹೇಳಿಕೊಡುವ ಹಾಡು ಟೀಚರಿಗೇ ಕೇಳಿಸುತ್ತಿರಲಿಲ್ಲ. ಶೌಚಾಲಯ ಇರಲಿಲ್ಲ. ಮಾರ್ಚ್ ಬಂತೆಂದರೆ ಶೀಟ್ ಕಾದು ಮಕ್ಕಳು ಹನ್ನೊಂದು ಗಂಟೆಗೇ ಬಾಡಿ ಹೋಗುತ್ತಿದ್ದವು. ಒಂದು ದಿನ ಅಕ್ಕಿ ಚೀಲದ ಹಿಂದೆ ಹಾವು ಕಾಣಿಸಿತು. ಅದಾದ ವಾರಕ್ಕೆ ರೂಮಿನ ಮಾಲೀಕರು ಮಗನ ಮದುವೆ ಅಂತ ಖಾಲಿ ಮಾಡಲು ಹೇಳಿದರು. ಅವರನ್ನು ಬೈಯುವಂತಿಲ್ಲ. ಬಾಡಿಗೆಯೂ ಅಷ್ಟಕ್ಕಷ್ಟೇ, ಅದು ಬರುತ್ತಿದ್ದದ್ದೂ ತಡವಾಗಿ.

ನಾನು ಆಗಷ್ಟೇ ಬಾಲವಿಕಾಸ ಸಮಿತಿಯ (ಅಂಗನವಾಡಿ ನೋಡಿಕೊಳ್ಳುವ ಊರಿನವರ ಸಮಿತಿ) ಅಧ್ಯಕ್ಷೆ ಆಗಿದ್ದೆ. ಆಗಿದ್ದೆ ಅನ್ನುವುದಕ್ಕಿಂತ, ಸಭೆಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ ಅನ್ನುವುದು ಸರಿ. ಕಟ್ಟಡ ಬೇಕು ಅಂತ ಒಂದು ಹಾಳೆಯಲ್ಲಿ ಬರೆದು, ಹದಿನೈದು ಜನರ ಸಹಿ ಹಾಕಿಸಿ ಪಂಚಾಯಿತಿಗೆ ಕೊಟ್ಟು ಬಂದೆ. ಎರಡು ತಿಂಗಳು ಬಿಟ್ಟು ವಿಚಾರಿಸಿದರೆ, "ಯಾವ ಅರ್ಜಿ ಮೇಡಂ?" ಅಂದರು. ನನ್ನ ಹತ್ತಿರ ನಕಲೂ ಇರಲಿಲ್ಲ, ಸೀಲೂ ಇರಲಿಲ್ಲ. ಎರಡು ತಿಂಗಳು ಹೋಯಿತು. ಅರ್ಜಿ ಯಾವುದೇ ಇರಲಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಂಡೇ ಮನೆಗೆ ಬನ್ನಿ.

ಎರಡನೇ ಸಲ ಅಂಗನವಾಡಿ ಟೀಚರ್ ನನ್ನ ಜೊತೆ ಬಂದರು. ಮೊದಲು ಅಂಗನವಾಡಿ ಮೇಲ್ವಿಚಾರಕಿ, ಅಲ್ಲಿಂದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ. ಎಲ್ಲ ಕಡೆ ಒಂದೇ ಮಾತು: "ಜಾಗ ತೋರಿಸಿ, ಕಟ್ಟಡ ಬರುತ್ತೆ." ಮೊದಲಿಗೆ ಇದು ಸಾಗಹಾಕುವ ಮಾತು ಅನ್ನಿಸಿತ್ತು. ಆದರೆ ಅದು ನಿಜ. ದುಡ್ಡಿಗೆ ಆಗ ಒಂದು ದಾರಿ ಇತ್ತು. ಕೇಂದ್ರದ ಸಕ್ಷಮ್ ಅಂಗನವಾಡಿ ಮಾರ್ಗಸೂಚಿಯಲ್ಲಿ ನರೇಗಾ (ಉದ್ಯೋಗ ಖಾತ್ರಿ ಯೋಜನೆ) ಜೊತೆ ಸೇರಿಸಿ ಕಟ್ಟುವ ಒಂದು ಕಟ್ಟಡಕ್ಕೆ 12 ಲಕ್ಷ ರೂಪಾಯಿ ಲೆಕ್ಕ ಇತ್ತು. ಅದರಲ್ಲಿ 8 ಲಕ್ಷ ನರೇಗಾದಿಂದ, 2 ಲಕ್ಷ 15ನೇ ಹಣಕಾಸು ಆಯೋಗ ಅಥವಾ ಅಂಥ ಬೇರೆ ಅನುದಾನದಿಂದ, ಉಳಿದ 2 ಲಕ್ಷ ಮಹಿಳಾ ಮತ್ತು ಮಕ್ಕಳ ಇಲಾಖೆ ಕಡೆಯಿಂದ. ಕೇಳಲು ಚೆನ್ನಾಗಿದೆ, ಅಲ್ವಾ? ಮೂರು ಕಡೆಯ ದುಡ್ಡು ಅಂದರೆ ಮೂರು ಕಡೆಯ ಫೈಲು ಅಂತ ಆಗ ನನಗೆ ಹೊಳೆದಿರಲಿಲ್ಲ.

ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಶುರುವಾಗುತ್ತವೆ. ಆ ಪಟ್ಟಿಯಲ್ಲಿ ನಿಮ್ಮ ಕೆಲಸ ಸೇರದಿದ್ದರೆ ಆ ವರ್ಷ ಹೋದ ಹಾಗೇ. ನಮ್ಮ ಸಭೆಗೆ ಮೇಲ್ವಿಚಾರಕಿಯೂ ಬಂದಿದ್ದರು. ಮಗುವಿನ ಮೆದುಳು ಶೇ 85ಕ್ಕಿಂತ ಜಾಸ್ತಿ ಬೆಳೆಯುವುದು ಆರು ವರ್ಷದ ಒಳಗೇ, ಹೊಸ ಶಿಕ್ಷಣ ನೀತಿಯಲ್ಲೇ ಇದನ್ನು ಬರೆದಿದ್ದಾರೆ ಅಂತ ಚೆನ್ನಾಗಿ ವಿವರಿಸಿದರು. ಜನ ಸುಮ್ನೆ ಕೂತಿದ್ದರು. ಚರಂಡಿ, ಬೀದಿ ದೀಪದ ಮಾತೇ ಜೋರಾಗಿತ್ತು. ಆಮೇಲೆ ಅಂಗನವಾಡಿ ಸಹಾಯಕಿ ಎದ್ದು ನಿಂತು, "ಹಾವು ಕಂಡ ದಿನ ನಾನು ಎತ್ಕೊಂಡು ಓಡಿದ್ದು ಎರಡು ಮಕ್ಕಳನ್ನ. ನನಗಿರೋದು ಎರಡೇ ಕೈ," ಅಂದರು. ಅಷ್ಟೇ. ಚರಂಡಿಯವರೂ ಕೈ ಎತ್ತಿದರು. ಕೆಲಸ ಪಟ್ಟಿಗೆ ಸೇರಿತು. ಸಭೆಯ ನಡಾವಳಿಯಲ್ಲಿ ಊರಿನ ಹೆಸರು, ಅಂಗನವಾಡಿ ಕೇಂದ್ರದ ಹೆಸರು ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ಓದಿ ನೋಡಿ. ನಮ್ಮದರಲ್ಲಿ ಪಕ್ಕದೂರಿನ ಹೆಸರಿತ್ತು, ಅಲ್ಲೇ ತಿದ್ದಿಸಿದೆವು.

ಇನ್ನು ಜಾಗ. ಸರ್ಕಾರಿ ಜಾಗ ಅಂತ ತೋರಿಸಿದ್ದು ಎರಡು ಕಡೆ. ಒಂದು ಸ್ಮಶಾನಕ್ಕೆ ಅಂಟಿಕೊಂಡಿತ್ತು, ಇನ್ನೊಂದು ಕೆರೆ ಕೋಡಿಯ ಕೆಳಗೆ. ಎರಡೂ ಬೇಡ ಅಂದೆವು. ಆಗ ಊರೊಳಗಿನ ಒಬ್ಬ ತಾತ ಮನೆಗೆ ಕರೆದು, "ನಮ್ಮ ಹಳೇ ಕಣ ಹಂಗೇ ಬಿದ್ದೈತೆ ಕಣವ್ವ. ಈಗ ಯಾರು ರಾಗಿ ಬಡೀತಾರೆ ಅಲ್ಲಿ? ಮಕ್ಕಳು ಆಡ್ಕೊಳ್ಳಲಿ," ಅಂದರು. ನಲವತ್ತು ಅಡಿಗೆ ಅರವತ್ತು, ಎರಡು ಗುಂಟೆಗಿಂತ ಚೂರು ಜಾಸ್ತಿ. ಮಧ್ಯಕ್ಕೆ ಸ್ವಲ್ಪ ಪಕ್ಕಕ್ಕೆ ಒಂದು ಬೇವಿನ ಮರ. ಅಂಗನವಾಡಿ ಕಟ್ಟಡಕ್ಕೆ ಕನಿಷ್ಠ 600 ಚದರಡಿ ಬೇಕು. ಹಾಗಾಗಿ ಆಟಕ್ಕೂ ಜಾಗ ಉಳಿಯುತ್ತಿತ್ತು. ನಾನು ಅಂದು ರಾತ್ರಿ ಖುಷಿಗೆ ನಿದ್ದೆ ಮಾಡಲಿಲ್ಲ. ಆಮೇಲೆ ಏಳು ತಿಂಗಳು ಬೇರೆ ಕಾರಣಕ್ಕೆ ನಿದ್ದೆ ಬರಲಿಲ್ಲ.

ದಾನ ಅಂದರೆ ಬಾಯಿಮಾತಲ್ಲ. ಜಾಗ ಗ್ರಾಮಠಾಣಾ (ಊರಿನ ವಾಸದ ಎಲ್ಲೆ) ಒಳಗಿದ್ದರೆ ಆಗ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿ ಆಸ್ತಿಯ ಆನ್ಲೈನ್ ದಾಖಲೆಯಲ್ಲಿ, ಫಾರ್ಮ್ 9, ಫಾರ್ಮ್ 11ಎ ಆಗಬೇಕಿತ್ತು. ಅದಕ್ಕೆ ಸರ್ವೆಯವರು ಅಳತೆ ಮಾಡಿ ನಕ್ಷೆ ಕೊಡಬೇಕಿತ್ತು. ಅದಕ್ಕೂ ಮೊದಲು ಖಾತೆ ದಾನ ಕೊಡುವವರ ಹೆಸರಲ್ಲಿ ಇರಬೇಕು. ನಮ್ಮ ತಾತನ ಕಣದ ಖಾತೆ ಇನ್ನೂ ಅವರ ಅಪ್ಪನ ಹೆಸರಲ್ಲೇ ಇತ್ತು. ಅಪ್ಪ ತೀರಿಕೊಂಡದ್ದು 1992ರಲ್ಲಿ. ಆ ಮರಣ ಎಲ್ಲೂ ನೋಂದಣಿಯಾಗಿರಲಿಲ್ಲ. ಮರಣ ಪತ್ರ ಇಲ್ಲದೆ ಪೌತಿ ಖಾತೆ (ಸತ್ತವರ ಖಾತೆ ವಾರಸುದಾರರ ಹೆಸರಿಗೆ ಆಗುವುದು) ಇಲ್ಲ, ಪೌತಿ ಖಾತೆ ಇಲ್ಲದೆ ಫಾರ್ಮ್ 9 ಇಲ್ಲ, ಫಾರ್ಮ್ 9 ಇಲ್ಲದೆ ದಾನಪತ್ರ ಇಲ್ಲ. ತಾತ ನಕ್ಕು, "ನಮ್ಮಪ್ಪ ಸತ್ತದ್ದು ಊರಿಗೆಲ್ಲ ಗೊತ್ತು, ಸರ್ಕಾರಕ್ಕೊಂದು ಗೊತ್ತಿಲ್ಲ," ಅಂದರು.

ಒಂದು ವರ್ಷ ದಾಟಿದ ಮರಣವನ್ನು ನೋಂದಾಯಿಸಲು ಆದೇಶ ಬೇಕು. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದು, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಯಿತು. ಅದರಂತೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಈ ಆದೇಶ ಮಾಡಬಹುದು. ಇದು ಗೊತ್ತಿಲ್ಲದ ಒಬ್ಬರು ನಮ್ಮನ್ನು ಕೋರ್ಟಿಗೆ ಕೇಸ್ ಹಾಕಿ ಅಂತ ಕಳಿಸಿದ್ದರು. ವಕೀಲರಿಗೆ ಎರಡು ಸಾವಿರ ಕೊಟ್ಟ ಮೇಲೆ ಬೇಕಾಗಿಲ್ಲ ಅಂತ ತಿಳಿಯಿತು. ರಿಜಿಸ್ಟರಿನಲ್ಲಿ ಹೆಸರಿಲ್ಲ ಅನ್ನುವ ಪತ್ರ, ಅಫಿಡವಿಟ್, ಊರಿನ ಹಿರಿಯರ ಹೇಳಿಕೆ, ಇಷ್ಟನ್ನು ಒಟ್ಟು ಮಾಡಿ ಕೊಟ್ಟೆವು. ಮೂರು ತಿಂಗಳು ಹಿಡಿಯಿತು. ಅಫಿಡವಿಟ್‌ನಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಹಳೇ ಕಂದಾಯ ರಸೀದಿಯಲ್ಲಿರುವ ಹೆಸರು ಮೂರೂ ಒಂದೇ ಥರ ಇವೆಯೇ ಅಂತ ಮೊದಲೇ ನೋಡಿ. ನಮ್ಮಲ್ಲಿ ಹೆಸರಿನ ಕೊನೆಗೆ ಒಂದು ಕಡೆ 'ಅಯ್ಯ', ಒಂದು ಕಡೆ 'ಪ್ಪ'. ಅದಕ್ಕೆ ಇನ್ನೊಂದು ಅಫಿಡವಿಟ್.

ವಂಶವೃಕ್ಷ ಮಾಡಿಸುವಾಗ ನಿಜವಾದ ಗಂಟು ಬಂತು. ತಾತನಿಗೆ ಇಬ್ಬರು ತಂಗಿಯರು. ಹೆಣ್ಣುಮಕ್ಕಳಿಗೂ ಸಮಪಾಲು ಇರುವಾಗ ಅವರ ಸಹಿ ಇಲ್ಲದೆ ಕಣ ಕೊಡುವಂತಿಲ್ಲ. ಚಿಕ್ಕ ತಂಗಿ ಊರಲ್ಲೇ ಇದ್ದರು, ಮರುದಿನವೇ ಹೆಬ್ಬೆಟ್ಟು ಒತ್ತಿದರು. ದೊಡ್ಡ ತಂಗಿ ಬೆಂಗಳೂರಲ್ಲಿ. ಅಣ್ಣ ತಂಗಿ ಮಾತು ಬಿಟ್ಟು ಒಂಬತ್ತು ವರ್ಷ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಾತ ಫೋನ್ ಮಾಡಲು ಒಪ್ಪಲಿಲ್ಲ. ಟೀಚರ್ ಮತ್ತು ನಾನು ಒಂದು ಭಾನುವಾರ ಬಸ್ ಹತ್ತಿ ಹೋದೆವು.

ಆ ಅಜ್ಜಿ ಬಾಗಿಲಲ್ಲೇ, "ಪಾಲು ಬಿಡು ಅಂತ ಕೇಳೋಕೆ ಬಂದ್ರಾ?" ಅಂದರು. ಟೀಚರ್ ಏನೂ ವಾದ ಮಾಡಲಿಲ್ಲ. ಮೊಬೈಲ್‌ನಲ್ಲಿ ಆ ಶೀಟಿನ ರೂಮಿನ ಫೋಟೋ ತೋರಿಸಿದರು, ಆಮೇಲೆ ಕಣದ ಫೋಟೋ. ಅಜ್ಜಿ ಕಣದ ಫೋಟೋವನ್ನು ಹತ್ತಿರ ಹಿಡಿದು ನೋಡಿ, "ಬೇವಿನ ಮರ ಇನ್ನೂ ಐತಾ?" ಅಂತ ಕೇಳಿದರು. ಸುಗ್ಗಿಯಲ್ಲಿ ಕಣ ಮಾಡುವಾಗ ಅವರವ್ವ ಆ ಮರದ ಕೊಂಬೆಗೆ ಸೀರೆ ಜೋಲಿ ಕಟ್ಟಿ ಮಕ್ಕಳನ್ನು ಮಲಗಿಸುತ್ತಿದ್ದರಂತೆ. ತಮ್ಮ ಮಕ್ಕಳನ್ನಷ್ಟೇ ಅಲ್ಲ, ಕೂಲಿಗೆ ಬಂದವರ ಮಕ್ಕಳನ್ನೂ. ಏಳೆಂಟು ವರ್ಷದ ಈ ಅಜ್ಜಿಗೆ ಆಗ ಜೋಲಿ ತೂಗುವ ಕೆಲಸ. "ಮರ ಕಡಿಯಲ್ಲ ಅಂತ ಬರೆದುಕೊಡಿ, ಸಹಿ ಹಾಕ್ತೀನಿ," ಅಂದರು. ಅಲ್ಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಹಾಳೆಗೆ ಕಾನೂನಿನಲ್ಲಿ ಎಷ್ಟು ಬೆಲೆ ಅಂತ ಇಬ್ಬರೂ ಯೋಚಿಸಲಿಲ್ಲ.

ದಾನಪತ್ರ ಯಾರ ಹೆಸರಿಗೆ ಅನ್ನುವುದನ್ನು ಡ್ರಾಫ್ಟ್ ಬರೆಸುವ ಮೊದಲೇ ಸಿಡಿಪಿಒ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ನಾವು ಸಮಿತಿಯ ಹೆಸರಿಗೆ ಬರೆಸಿದ್ದೆವು, ಅದು ಆಗುವುದಿಲ್ಲ ಅಂತ ವಾಪಸ್ ಬಂತು. ಮತ್ತೆ ಇಲಾಖೆ ಹೆಸರಿಗೆ ಬರೆಸಿದೆವು. ದಾನ ತೆಗೆದುಕೊಳ್ಳುವವರೂ ಒಪ್ಪಿ ಸಹಿ ಹಾಕಬೇಕು, ಜೊತೆಗೆ ಇಬ್ಬರು ಸಾಕ್ಷಿ. ಹಾಗಾಗಿ ಉಪನೋಂದಣಿ ಕಚೇರಿಗೆ ಅಧಿಕಾರಿಯೂ ಬರಬೇಕು. ಮೊದಲ ದಿನ ನಾವೆಲ್ಲ ಜೀಪ್ ಮಾಡಿಕೊಂಡು ಹೋದರೆ ಅವರಿಗೆ ವಿಡಿಯೋ ಕಾನ್ಫರೆನ್ಸ್. ಬೆಂಗಳೂರಿನಿಂದ ಬಂದಿದ್ದ ಅಜ್ಜಿ ರಾತ್ರಿ ಅಣ್ಣನ ಮನೆಯಲ್ಲೇ ಉಳಿಯಬೇಕಾಯಿತು. ಸರ್ಕಾರಿ ಮೀಟಿಂಗಿನಿಂದ ಒಂದು ಒಳ್ಳೇದಾದದ್ದು ನಾನು ಕಂಡಿದ್ದು ಅದೊಂದೇ ಸಲ. ಮರುದಿನ, 2024ರ ಏಪ್ರಿಲ್ ಕೊನೆಯಲ್ಲಿ, ನೋಂದಣಿ ಆಯಿತು. ಅಲ್ಲಿಯವರೆಗೆ ಕಾಗದ, ಓಡಾಟ, ಜೀಪು, ಜೆರಾಕ್ಸ್ ಎಲ್ಲ ಸೇರಿ 14 ಸಾವಿರ ಖರ್ಚಾಗಿತ್ತು. ಊರಿನವರು ವಂತಿಗೆ ಎತ್ತಿ ಕೊಟ್ಟರು. ಲೆಕ್ಕವನ್ನು ನಾನು ಮಗಳ ಹಳೇ ಡ್ರಾಯಿಂಗ್ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ. ಯಾರು ಕೇಳಿದರೂ ತೆಗೆದು ತೋರಿಸಬಹುದಿತ್ತು. ದುಡ್ಡಿನ ವಿಷಯದಲ್ಲಿ ಇಷ್ಟು ಮಾಡಿ, ಇಲ್ಲದಿದ್ದರೆ ಜನ ಬೆನ್ನ ಹಿಂದೆ ಆಡಿಕೊಳ್ಳುವುದು ತಪ್ಪುವುದಿಲ್ಲ.

ಎಂಜಿನಿಯರ್ ಮಾದರಿ ನಕ್ಷೆ ತಂದರು. ಅದರಂತೆ ಶೌಚಾಲಯದ ಗುಂಡಿ ಸರಿಯಾಗಿ ಬೇವಿನ ಮರದ ಬುಡಕ್ಕೆ! "ಮರ ತೆಗೆದ್ರೆ ಅರ್ಧ ದಿನದ ಕೆಲಸ," ಅಂದರು. ನಾನು ಬರೆದುಕೊಟ್ಟ ಹಾಳೆಯ ಕಥೆ ಹೇಳಿದೆ. ಅವರು ತಲೆ ಕೆರೆದುಕೊಂಡು ಕಟ್ಟಡವನ್ನು ಪೂರ್ವಕ್ಕೆ ತಿರುಗಿಸಿದರು. ಅಂದಾಜುಪಟ್ಟಿ ಮತ್ತೆ ಬರೆಯಬೇಕಾಯಿತು, ತಾಂತ್ರಿಕ ಮಂಜೂರಾತಿ ಇಪ್ಪತ್ತು ದಿನ ಮುಂದೆ ಹೋಯಿತು. ಅಂದಾಜುಪಟ್ಟಿ ತಯಾರಾದಾಗ ಟೀಚರನ್ನೂ ಸಹಾಯಕಿಯನ್ನೂ ಕೂರಿಸಿ ಓದಿಸಿ. ನಮ್ಮದರಲ್ಲಿ ಕಾಂಪೌಂಡ್ ಇರಲಿಲ್ಲ, ಅದು ನಮಗೆ ಗೊತ್ತಾದದ್ದು ಗೋಡೆ ಎದ್ದ ಮೇಲೆ.

ಜೂನ್‌ನಲ್ಲಿ ಪಾಯ ತೆಗೆದರು. ನರೇಗಾ ಕೂಲಿ ಆ ವರ್ಷ ದಿನಕ್ಕೆ 349 ರೂಪಾಯಿ. ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಕೂಲಿಯವರ ಫೋಟೋ ಹಾಕಬೇಕಿತ್ತು. ಕಣದಲ್ಲಿ ನೆಟ್‌ವರ್ಕ್ ಇಲ್ಲ. ಕೂಲಿಯವರ ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಫೋಟೋ ತೆಗೆದು ದೇವಸ್ಥಾನದ ಕಟ್ಟೆಗೆ ಓಡುತ್ತಿದ್ದಳು. ಕೆಲಸಕ್ಕೆ ಬಂದ ತಾಯಂದಿರು ಮಕ್ಕಳನ್ನೂ ಕರೆತಂದಿದ್ದರು, ಐದು ವರ್ಷದೊಳಗಿನವು ಆರು. ನರೇಗಾ ಕಾಯ್ದೆಯಲ್ಲೇ ಇದಕ್ಕೆ ದಾರಿ ಇತ್ತು. ಕೆಲಸದ ಜಾಗದಲ್ಲಿ ಅಂಥ ಮಕ್ಕಳು ಐದು ಅಥವಾ ಜಾಸ್ತಿ ಇದ್ದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಡಬೇಕಿತ್ತು, ಆಕೆಗೂ ಕೂಲಿ ಕೊಡಬೇಕಿತ್ತು. ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ನಮ್ಮ ಪಂಚಾಯಿತಿಯಲ್ಲೂ ಇದೆ, ಆದರೆ ಮೂರು ಕಿಲೋಮೀಟರ್ ದೂರ. ಎದೆ ಹಾಲು ಕುಡಿಯುವ ಕೂಸನ್ನು ಅಷ್ಟು ದೂರ ಯಾರು ಬಿಟ್ಟು ಬರುತ್ತಾರೆ? ಈ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು, ಸೀಲು ಹಾಕಿಸಿಕೊಂಡೇ. ವಾರದೊಳಗೆ ಒಪ್ಪಿದರು. ಅದೇ ಬೇವಿನ ಮರಕ್ಕೆ ಮತ್ತೆ ಎರಡು ಜೋಲಿ ಬಿದ್ದವು.

ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಮಟ್ಟಕ್ಕೆ ಬಂದು ಕೆಲಸ ನಿಂತಿತು. ಐದು ತಿಂಗಳು. ನರೇಗಾ ಖರ್ಚಿನಲ್ಲಿ ಕೂಲಿ ಶೇ 60, ಸಾಮಗ್ರಿ ಶೇ 40 ಅನ್ನುವ ಅನುಪಾತ ಇತ್ತು. ಕಟ್ಟಡಕ್ಕೆ ಸಾಮಗ್ರಿಯೇ ಜಾಸ್ತಿ. ಅದನ್ನು ಸರಿದೂಗಿಸಲು ಬದು, ಕೆರೆ ಹೂಳಿನಂಥ ಕೂಲಿ ಕೆಲಸ ಜಾಸ್ತಿ ನಡೆಯಬೇಕಿತ್ತು. ಸಾಮಗ್ರಿ ಹಣ ಬರುತ್ತಿದ್ದದ್ದೇ ತಡವಾಗಿ. ಗಾರೆ ಮೇಸ್ತ್ರಿಯ ಸಂಬಳವೂ ಸಾಮಗ್ರಿ ಲೆಕ್ಕಕ್ಕೇ ಸೇರುತ್ತಿತ್ತು. ಇದು ನಮಗೆ ಗೊತ್ತಿರಲಿಲ್ಲ. ಮೇಸ್ತ್ರಿ ಎರಡು ತಿಂಗಳು ಕಾದು ಬೆಂಗಳೂರಿಗೆ ಹೊರಟುಹೋದ. ತಪ್ಪು ಅವನದಲ್ಲ.

ಆಗ ನಾವೊಂದು ದಡ್ಡತನ ಮಾಡಿದೆವು. ಕೆಲಸ ನಿಲ್ಲಬಾರದು ಅಂತ ವಂತಿಗೆ ದುಡ್ಡಿನಲ್ಲಿ 40 ಮೂಟೆ ಸಿಮೆಂಟ್ ತಂದುಬಿಟ್ಟೆವು. 15 ಸಾವಿರ. ಬಿಲ್ ಬಂದ ಮೇಲೆ ಕೊಡುತ್ತಾರೆ ಅಂತ ಯಾರೋ ಹೇಳಿದ್ದರು. ಕೊಡಲಿಲ್ಲ, ಕೊಡಲು ಬರುವುದೂ ಇಲ್ಲ. ಪಂಚಾಯಿತಿ ಟೆಂಡರ್‌ನಲ್ಲಿರುವ ಸರಬರಾಜುದಾರರ ಬಿಲ್ ಮಾತ್ರ ನಡೆಯುತ್ತದೆ. ಅಂದಾಜುಪಟ್ಟಿಯಲ್ಲಿರುವ ಸಾಮಾನಿಗೆ ಊರಿನ ಒಂದು ರೂಪಾಯಿಯನ್ನೂ ಹಾಕಬೇಡಿ. ಆ ದುಡ್ಡನ್ನು ಪಟ್ಟಿಯಲ್ಲಿ ಇಲ್ಲದ್ದಕ್ಕೆ ಇಟ್ಟುಕೊಳ್ಳಿ. ನಮ್ಮ ಮಹಿಳಾ ಸಂಘದವರು ಬಡ್ಡಿ ಉಳಿಕೆಯಿಂದ 25 ಸಾವಿರ ಕೊಟ್ಟರು. ಅದರಲ್ಲಿ ನೀರಿನ ಸಿಂಟೆಕ್ಸ್, ಫ್ಯಾನು, ಮಕ್ಕಳ ಚಾಪೆ, ಗೋಡೆಯ ಕೆಳಗೆ ಮಕ್ಕಳು ಸುಣ್ಣದಕಡ್ಡಿಯಲ್ಲಿ ಗೀಚಲು ಕಪ್ಪು ಪಟ್ಟಿ ಆಯಿತು. ಇಡೀ ಕಟ್ಟಡದಲ್ಲಿ ಮಕ್ಕಳಿಗೆ ತುಂಬ ಇಷ್ಟವಾದದ್ದು ಆ ಪಟ್ಟಿಯೇ.

ಆ ಐದು ತಿಂಗಳು ಊರಲ್ಲಿ ನನ್ನನ್ನು ನೋಡಿದವರೆಲ್ಲ, "ಎಲ್ಲಿಗೆ ಬಂತು ನಿಮ್ಮ ಅರಮನೆ?" ಅನ್ನುತ್ತಿದ್ದರು. ಮಕ್ಕಳು ದೇವಸ್ಥಾನದ ಪಡಸಾಲೆಯಲ್ಲಿ ಕೂತಿದ್ದವು. ಹಬ್ಬ ಬಂದರೆ ರಜ, ಅಲ್ಲಿ ಯಾರಾದರೂ ಊಟ ಹಾಕಿಸಿದರೆ ರಜ. ಒಂದು ಸಂಜೆ ತಾತ ಅರ್ಧ ಗೋಡೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಕಾಣದ ಹಾಗೆ ಬೇರೆ ಬೀದಿಯಲ್ಲಿ ಹೋದೆ. ಕಣ ಕೊಟ್ಟವರಿಗೆ ಏನು ಹೇಳುವುದು?

ಜನವರಿಯಲ್ಲಿ ಸಾಮಗ್ರಿ ಹಣ ಬಂತು, ಮೇಸ್ತ್ರಿಯೂ ಬಂದ. ಆಮೇಲೆ ಬೇಗ ಬೇಗ ನಡೆಯಿತು. ಕೈ ತೊಳೆಯುವ ನಲ್ಲಿಯನ್ನು ದೊಡ್ಡವರ ಎತ್ತರಕ್ಕೆ ಇಟ್ಟಿದ್ದರು. ಟೀಚರ್ ಹೇಳಿದರೆ, "ಎಲ್ಲ ಕಡೆ ಹಿಂಗೇ ಇಡೋದು ಮೇಡಂ," ಅಂದ ಪ್ಲಂಬರ್. ಟೀಚರ್ ವಾದ ಮಾಡದೆ ಮೂರು ವರ್ಷದ ಒಂದು ಹುಡುಗನನ್ನು ಕರೆತಂದು ನಲ್ಲಿ ಕೆಳಗೆ ನಿಲ್ಲಿಸಿ, "ಕೈ ತೊಳ್ಕೊ ಪುಟ್ಟ," ಅಂದರು. ಅವನ ಕೈ ನಲ್ಲಿಗೆ ಒಂದು ಗೇಣು ಕೆಳಗೇ ಉಳಿಯಿತು. ಪ್ಲಂಬರ್ ಮಾತಾಡದೆ ಬಿಚ್ಚಿದ. ಕಿಟಕಿ, ಶೌಚಾಲಯದ ಚಿಲಕ, ಮೆಟ್ಟಿಲು ಎಲ್ಲವನ್ನೂ ಇದೇ ರೀತಿ ಮಗುವನ್ನು ನಿಲ್ಲಿಸಿ ನೋಡಿ. ಪ್ಲಾಸ್ಟರ್ ಆಗುವ ಮೊದಲೇ ನೋಡಿ, ಆಮೇಲೆ ಯಾರೂ ಒಡೆಯುವುದಿಲ್ಲ.

ಕೆಲಸದ ಮೊದಲು, ನಡುವೆ, ಮುಗಿದ ಮೇಲೆ, ಹೀಗೆ ಮೂರು ಸಲ ಜಿಯೋ ಟ್ಯಾಗ್ (ಜಾಗದ ಗುರುತು ಇರುವ) ಫೋಟೋ ಆಗಬೇಕಿತ್ತು. ಮೂರು ಕಡೆಯ ದುಡ್ಡಿಗೂ ಬೇರೆ ಬೇರೆ ಬಳಕೆ ಪ್ರಮಾಣಪತ್ರ. ಇದನ್ನೆಲ್ಲ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮಾಡಿಸಿದರು, ಪಾಪ, ಅವರಿಗೆ ನಾನು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದೆ. ಕರೆಂಟ್ ಮೀಟರ್ ಯಾರ ಹೆಸರಿಗೆ ಅನ್ನುವುದಕ್ಕೆ ಇನ್ನೊಂದು ತಿಂಗಳು ಹೋಯಿತು.

ಏಪ್ರಿಲ್ ಕೊನೆಗೆ ಬಣ್ಣ ಬಳಿದು ಬೀಗ ಹಾಕಿದರು. ಬೀಗ ಹಾಗೇ ಇತ್ತು, ಉದ್ಘಾಟನೆಗೆ ದೊಡ್ಡವರ ತಾರೀಖು ಸಿಗಬೇಕು ಅಂತ. ಮೇ ಪೂರ್ತಿ ಮಕ್ಕಳು ಪಡಸಾಲೆಯ ಸೆಕೆಯಲ್ಲಿ, ಫ್ಯಾನು ಬೀಗದೊಳಗೆ. ಜೂನ್ ಮೊದಲ ಮಳೆಗೆ ಪಡಸಾಲೆಗೆ ನೀರು ನುಗ್ಗಿತು. ಮರುದಿನ ಹತ್ತು ಜನ ತಾಯಂದಿರು ಸಿಡಿಪಿಒ ಕಚೇರಿಗೆ ಹೋಗಿ, ಒದ್ದೆಯಾದ ಅಕ್ಕಿ ಚೀಲದ ಫೋಟೋ ತೋರಿಸಿ ಕೂತೆವು. ಸಂಜೆಗೆ ಹಸ್ತಾಂತರದ ಪತ್ರ ಕೈಗೆ ಬಂತು. ಟೇಪು ಆಮೇಲೆ ಕತ್ತರಿಸಿಕೊಳ್ಳಲಿ ಅಂತ ಸೋಮವಾರ ಸಹಾಯಕಿ ಹಾಲು ಉಕ್ಕಿಸಿದರು. ಬೆಂಗಳೂರಿನ ಅಜ್ಜಿಯೂ ಬಂದಿದ್ದರು. ಒಳಗೆ ಬಂದು ಟೈಲ್ಸ್ ನೋಡಲಿಲ್ಲ, ನೇರ ಮರದ ಹತ್ತಿರ ಹೋದರು.

ಉದ್ಘಾಟನೆ ಇನ್ನೂ ಆಗಿಲ್ಲ. ಕಾಂಪೌಂಡೂ ಇಲ್ಲ. ಹೋದ ವಾರ ಮೇಕೆಯೊಂದು ಒಳಗೆ ಬಂದು ಗೋಡೆಗೆ ಅಂಟಿಸಿದ್ದ ಅ, ಆ, ಇ ಚಾರ್ಟನ್ನು 'ಊ' ತನಕ ತಿಂದು ಹೋಯಿತು. ಅಕ್ಟೋಬರ್‌ಗೆ ಮತ್ತೆ ಗ್ರಾಮಸಭೆ. ಕಾಂಪೌಂಡಿಗೆ ಅರ್ಜಿ ಈಗಲೇ ಬರೆದಿಟ್ಟಿದ್ದೇನೆ, ಎರಡು ಪ್ರತಿ.